ಹರಾಜಿನ ಸರಪಳಿ

ಐವತ್ತೈದು ವರ್ಷ ತುಂಬಿದ ಮನುಷ್ಯನಿಗೆ ಲೋಕವ್ಯವಹಾರದ ಆಸಕ್ತಿ ತಗ್ಗಿ, ಮನಸ್ಸು ತಾನಾಗಿಯೇ ಶಾಂತಿಯ ಕಡೆಗೆ ತಿರುಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ನನ್ನ ಮನಸ್ಸು ಹನ್ನೊಂದು ದಿನ ಆ ಕಡೆಗೆ ತಿರುಗಿಕೊಂಡಿತ್ತು. ಹನ್ನೆರಡನೆಯ ದಿನ ಬೆಳಿಗ್ಗೆ ಎದ್ದು ನಮ್ಮ ಮನೆಯ ಹಿತ್ತಲನ್ನು ಅಳೆದೆ.

ಅಳೆಯುವುದು ಬಿಟ್ಟು ನನಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಕೋಲಾರದ ಕಡೆ ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಮೋಜಿಣಿದಾರನಾಗಿ ರೈತರ ಜಮೀನು ಅಳೆದವನು ನಾನು. ಆ ಕೆಲಸ ಮಾಡಿದವನಿಗೆ ಎರಡು ಗುಣ ಬರುತ್ತವೆ. ಒಂದು, ಎಷ್ಟು ದೂರ ಬೇಕಾದರೂ ನಡೆಯುತ್ತಾನೆ. ಎರಡು, ಯಾರನ್ನೂ ನಂಬುವುದಿಲ್ಲ. ಕಲ್ಲು ಇದ್ದ ಜಾಗದಲ್ಲೇ ಇದೆ ಎಂದು ಹೇಳುವವನನ್ನು ನಂಬುವುದಿಲ್ಲ, ಕಲ್ಲು ಸರಿದಿದೆ ಎಂದು ಹೇಳುವವನನ್ನು ಇನ್ನೂ ನಂಬುವುದಿಲ್ಲ. ಪಿಂಚಣಿ ಕೊಡುವಾಗ ಸರ್ಕಾರ ಸಂಬಳದ ಅರ್ಧವನ್ನು ಹಿಡಿದುಕೊಂಡಿತೇ ಹೊರತು ಈ ಎರಡು ಗುಣಗಳನ್ನು ಪೂರ್ತಿಯಾಗಿ ನನ್ನ ಬಳಿಯೇ ಬಿಟ್ಟಿತು.

ಕ್ರಯಪತ್ರದ ಪ್ರಕಾರ ಹಿತ್ತಲು ಎರಡು ಸರಪಳಿ, ಅಂದರೆ ಅರವತ್ತಾರು ಅಡಿ ಉದ್ದ ಇರಬೇಕು. ಒಂದು ಅಡಿ ಕಮ್ಮಿ ಬಂತು. ನಾನು ತಲೆ ಎತ್ತಿ ಪಕ್ಕದ ಮನೆಯವರ ಬೇಲಿಯನ್ನು ನೋಡಿದೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದ ಬೇಲಿಯೇ. ಅವತ್ತು ಅದು ನನ್ನ ಕಡೆಗೆ ಸ್ವಲ್ಪ ಬಾಗಿದ ಹಾಗೆ ಕಂಡಿತು.

"ಒಂದು ಅಡೀಲಿ ಏನ್ರೀ ಬೆಳೀತಿದ್ರಿ?" ಎಂದು ನನ್ನ ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಬೆಳೆಯೋ ಮಾತಲ್ಲ. ನ್ಯಾಯದ ಮಾತು."

"ವಾರಕ್ಕೊಂದು ಸಲ ನುಗ್ಗೇಕಾಯಿ ಕೊಡ್ತಾರೆ ಅವರು. ನ್ಯಾಯ ಕೇಳಿದ್ರೆ ಅದೂ ನಿಲ್ಲತ್ತೆ, ನೋಡ್ಕೊಳ್ಳಿ."

ನ್ಯಾಯ ಕೇಳಿದೆ. ನುಗ್ಗೇಕಾಯಿ ನಿಂತಿತು.

ಹೀಗೆ ಉಚಿತವಾಗಿ ಜಗಳ ಮಾಡುವುದಕ್ಕಿಂತ ಕೂಲಿಗೆ ಮಾಡುವುದು ವಾಸಿ ಎಂದು ನನಗೆ ಹೊಳೆದದ್ದು ಅದೇ ವಾರ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು ಇದು. ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಆಗ ಪಿಂಚಣಿದಾರರು ನಾಲ್ಕೈದು ಮಂದಿ ಇದ್ದೆವು. ಎಲ್ಲರೂ ಏನಾದರೊಂದು ಮಾಡುತ್ತಿದ್ದರು, ಮಾಡುತ್ತಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಪೋಲೀಸು ದಫೇದಾರನಾಗಿದ್ದವನು ಮಾವಿನ ಕಾಲದಲ್ಲಿ ಶ್ರೀನಿವಾಸಪುರಕ್ಕೆ ಹೋಗಿ ತೋಪು ಕಾಯುತ್ತಿದ್ದ. ಮೂರು ತಿಂಗಳು ಕಾದು ಬಂದಾಗ ಅವನ ಹೊಟ್ಟೆಯ ಸುತ್ತಳತೆ ನೋಡಿದರೆ ಕಳ್ಳ ಯಾರೆಂದು ಪೋಲೀಸು ಸಹಾಯವಿಲ್ಲದೆ ತಿಳಿಯುತ್ತಿತ್ತು. ಕಚೇರಿ ಗುಮಾಸ್ತನಾಗಿದ್ದವನು ಹುಣಿಸೆಮರದ ಕೆಳಗೆ ಕೂತು ಅರ್ಜಿ ಬರೆಯುತ್ತಿದ್ದ. ಒಂದೇ ತಕರಾರಿನಲ್ಲಿ ವಾದಿಗೂ ಪ್ರತಿವಾದಿಗೂ ಅವನೇ ಬರೆಯುತ್ತಿದ್ದನೆಂದು ಕೇಳಿದ್ದೇನೆ, ಅವನು ಅಲ್ಲವೆಂದು ಹೇಳಿದ್ದರಿಂದ ನಂಬಿದ್ದೇನೆ. ಯಾರಿಗೂ ಮೇಲಧಿಕಾರಿ ಇಲ್ಲ, ಹಾಜರಿ ಇಲ್ಲ, ಬೇಕಾದ ದಿನ ಕೆಲಸ, ಬೇಡವಾದ ದಿನ ಜಗಲಿ. ಸರ್ಕಾರಿ ಕೆಲಸದಲ್ಲೂ ಹೆಚ್ಚುಕಮ್ಮಿ ಹಾಗೇ ಇದ್ದೆವು, ಆದರೆ ಆಗ ಸಹಿ ಹಾಕಬೇಕಾಗಿತ್ತು.

ನನಗೆ ಬೇಕಾದ ಬಂಡವಾಳ ಒಂದೇ, ಸರಪಳಿ. ಅದು ನನ್ನ ಬಳಿ ಆಗಲೇ ಇತ್ತು. ಹೇಗೆ ಬಂತೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ಬೇರೆಯವರು ಹೇಳುವುದಕ್ಕಿಂತ ಅದೇ ಮೇಲು.

ನಾನಿದ್ದ ಕಚೇರಿಯಲ್ಲಿ ಕೆಲಸಕ್ಕೆ ಬಾರದ ಸಾಮಾನನ್ನು ಆಗಾಗ ಹರಾಜು ಹಾಕುತ್ತಿದ್ದರು. ಕಾಲು ಮುರಿದ ಕುರ್ಚಿ, ಒಡೆದ ಮಸಿ ಕುಡಿಕೆ, ಗೆದ್ದಲು ತಿಂದ ಪೆಟ್ಟಿಗೆ. ನಾನು ಇಷ್ಟು ವರ್ಷ ಕೈಯಲ್ಲಿ ಹಿಡಿದ ಸರಪಳಿಯ ಮೇಲೆ ನನಗೆ ಮೋಹ ಇತ್ತು. ಆದರೆ ಒಳ್ಳೆಯ ಸರಪಳಿಯನ್ನು ಹರಾಜಿಗೆ ಹಾಕುವಂತಿಲ್ಲ. ಆದ್ದರಿಂದ ನಿವೃತ್ತಿಗೆ ಎರಡು ತಿಂಗಳ ಮುಂಚೆ, ಅದು ಸವೆದು, ಬಳೆಗಳು ಬಾಯಿ ಬಿಟ್ಟು, ಉದ್ದವಾಗಿಬಿಟ್ಟಿದೆ, ಸರ್ಕಾರಿ ಕೆಲಸಕ್ಕೆ ಅಯೋಗ್ಯ ಎಂದು ನಾನೇ ಒಂದು ವರದಿ ಬರೆದು ಸಹಿ ಹಾಕಿದೆ. ಸರಪಳಿಯನ್ನು ಪರೀಕ್ಷೆ ಮಾಡಲಿಲ್ಲ. ಸುಳ್ಳು ಬರೆಯುವುದಕ್ಕೆ ಪರೀಕ್ಷೆ ಯಾಕೆ? ನನ್ನ ಸೇವೆಯಲ್ಲಿ ನಾನು ಬರೆದ ಸುಳ್ಳು ವರದಿ ಅದೊಂದೇ. ಓದುವವರಿಗೆ ಈ ಮಾತಿನಲ್ಲಿ ಅನುಮಾನ ಬಂದರೆ ತಪ್ಪಿಲ್ಲ. ಅವರ ಜಾಗದಲ್ಲಿದ್ದರೆ ನನಗೂ ಬರುತ್ತಿತ್ತು.

ಹರಾಜಿನಲ್ಲಿ ನನಗೆ ಎದುರಾಳಿಯಾಗಿ ನಿಂತವನು ಒಬ್ಬ ಹಳೇ ಕಬ್ಬಿಣದ ವ್ಯಾಪಾರಿ. ಸರಪಳಿಯನ್ನು ಎತ್ತಿ ಬಳೆಗಳ ಮೇಲೆ ಬೆರಳಾಡಿಸಿ, ನನ್ನ ಮುಖ ನೋಡಿ, "ತಗೊಳ್ಳಿ ಸ್ವಾಮಿ, ನಿಮಗೇ ಇರಲಿ" ಎಂದು ಬಿಟ್ಟುಕೊಟ್ಟ. ವ್ಯಾಪಾರಿ ಅಷ್ಟು ಸುಲಭವಾಗಿ ಬಿಟ್ಟುಕೊಟ್ಟಾಗಲೇ ನಾನು ಅನುಮಾನಪಡಬೇಕಾಗಿತ್ತು. ಜೀವಮಾನದಲ್ಲಿ ಅದೊಂದು ಸಲ ಪಡಲಿಲ್ಲ.

ಸರಪಳಿ ಎಳೆಯಲು ಇನ್ನೊಬ್ಬ ಬೇಕು. ಅದೇ ಕಚೇರಿಯಲ್ಲಿ ಜವಾನರಾಗಿದ್ದು ನನಗಿಂತ ಎರಡು ವರ್ಷ ಮುಂಚೆ ನಿವೃತ್ತರಾದ ಸಾಬರೊಬ್ಬರು ಮಸೀದಿ ಬೀದಿಯಲ್ಲಿದ್ದರು. ಅವರ ಪಿಂಚಣಿಯ ಎದುರಿಗೆ ನನ್ನದು ಜಹಗೀರು. ಕರೆದ ತಕ್ಷಣ ಒಪ್ಪಿದರು. ಬಂದ ಕೂಲಿಯಲ್ಲಿ ನನಗೆ ಎರಡು ಪಾಲು, ಅವರಿಗೆ ಒಂದು.

"ಯಾಕೆ ಸ್ವಾಮಿ, ಸರಪಳಿಗೆ ಎರಡು ತುದಿ ತಾನೆ ಇರೋದು?" ಎಂದು ಒಂದು ಸಲ ಕೇಳಿದರು.

"ಲೆಕ್ಕ ಬರೆಯೋನು ನಾನಲ್ಲವೇ ಸಾಬ್ರೆ."

"ಹೌದು ಹೌದು. ಪೆನ್ಸಿಲ್ಲು ಬಹಳ ಭಾರ."

ನಮ್ಮ ಕೆಲಸ ಸಂಕ್ರಾಂತಿ ಕಳೆದ ಮೇಲೆ, ರಾಗಿ ಕೊಯ್ದು ಹೊಲ ಬರಿದಾದಾಗ ಶುರುವಾಗಿ, ಮೊದಲ ಮಳೆಗೆ ಮುಗಿಯುತ್ತಿತ್ತು. ಕೂಲಿ ರೊಕ್ಕವಾಗಿ ಬಂದರೂ ಸರಿ, ರಾಗಿಯಾಗಿ ಬಂದರೂ ಸರಿ, ಅವರೇಕಾಯಿಯಾದರೆ ಇನ್ನೂ ಸರಿ. ನಿಯಮ ಒಂದೇ ಇತ್ತು. ಕರೆಸಿದವನ ಮನೆಯಲ್ಲಿ ಕಾಫಿ ಕುಡಿದರೆ ಪಕ್ಕದ ಹೊಲದವನ ಮನೆಯಲ್ಲೂ ಕುಡಿಯಬೇಕು, ಅವನು ಕರೆಯದಿದ್ದರೆ ಎಲ್ಲೂ ಕುಡಿಯಬಾರದು. ಹೀಗಾಗಿ ನಾನು ಹೆಚ್ಚಾಗಿ ಮನೆಯಿಂದ ತಂದ ಕೂಜದ ನೀರನ್ನೇ ಕುಡಿದೆ. ಆ ನೀರನ್ನು ಕೂಡ ಕಣ್ಣಿಗೆ ಕಾಣುವ ಕಡೆ ಇಟ್ಟುಕೊಳ್ಳುತ್ತಿದ್ದೆ.

ಮೊದಲು ಹೋದದ್ದು ಮಾಲೂರಿನ ಕಡೆ. ಟೇಕಲ್ ಸ್ಟೇಷನ್ನಿನಲ್ಲಿ ಇಳಿದು, ಬೆಟ್ಟದ ಬುಡದ ಒಂದು ಹೊಲ ಅಳೆದೆವು. ಕಡತಕ್ಕಿಂತ ಕಮ್ಮಿ ಬಂತು. ಪಕ್ಕದವನು ಒತ್ತಿಕೊಂಡಿದ್ದಾನೆ ಎಂದು ಸ್ಪಷ್ಟವಾಯಿತು, ಬದು ಸರಿಸಿದೆವು. ಆಮೇಲೆ ಶ್ರೀನಿವಾಸಪುರದ ಒಂದು ಮಾವಿನ ತೋಪು. ಅದೂ ಕಮ್ಮಿ. ಕೋಲಾರದ ಹತ್ತಿರ ಒಂದು ತರಕಾರಿ ತೋಟ. ಅದೂ ಕಮ್ಮಿ. ಎರಡು ವರ್ಷ ಅಳೆದದ್ದರಲ್ಲಿ ಒಂದಾದರೂ ಜಮೀನು ಕಡತಕ್ಕೆ ಸರಿಯಾಗಿ ಬರಲಿಲ್ಲ. ಜಿಲ್ಲೆಯ ಜನರ ಬಗ್ಗೆ ನನಗೆ ಇದ್ದ ಅಭಿಪ್ರಾಯವೆಲ್ಲ ದಿನೇ ದಿನೇ ರುಜುವಾತಾಗುತ್ತ ಹೋಯಿತು.

ಒಂದು ವಿಷಯ ಮಾತ್ರ ವಿಚಿತ್ರವಾಗಿತ್ತು. ನಮ್ಮ ಸರಪಳಿ ಮೂವತ್ತಮೂರು ಅಡಿ. ಅದನ್ನು ರೂಪಾಯಿಯ ಹಾಗೆ ಹದಿನಾರು ಆಣೆ ಎಂದು ಲೆಕ್ಕ ಹಿಡಿಯುತ್ತೇವೆ, ಒಂದಾಣೆ ಅಂದರೆ ಸುಮಾರು ಎರಡು ಅಡಿ. ಎಲ್ಲಿ ಅಳೆದರೂ ಇಪ್ಪತ್ತು ಸರಪಳಿಗೆ ಐದಾಣೆಯಷ್ಟು ಕೊರತೆ, ಹತ್ತಕ್ಕೆ ಎರಡೂವರೆ. ಮಾಲೂರಿನ ಕಳ್ಳನೂ ಅಷ್ಟೇ, ಶ್ರೀನಿವಾಸಪುರದ ಕಳ್ಳನೂ ಅಷ್ಟೇ. ಒಬ್ಬರನ್ನೊಬ್ಬರು ಕಂಡಿಲ್ಲದ ಜನ ಇಷ್ಟು ಒಪ್ಪಂದದಿಂದ ಕದಿಯುತ್ತಾರಲ್ಲ ಎಂದು ನನಗೆ ಆಶ್ಚರ್ಯ. ಆಶ್ಚರ್ಯವನ್ನು ಅಲ್ಲಿಗೇ ಬಿಟ್ಟೆ.

ಹೆಸರಂತೂ ಬಂತು. ಆ ಮುಳಬಾಗಿಲ ಮೋಜಿಣಿದಾರರನ್ನು ಕರೆಸಿದರೆ ಜಮೀನು ಬೆಳೆಯುತ್ತದೆ ಎಂದು ಸಂತೆಯಲ್ಲಿ ಜನ ಮಾತಾಡಿಕೊಂಡರು. ನಾನು ಅದನ್ನು ಹೊಗಳಿಕೆ ಎಂದು ತೆಗೆದುಕೊಂಡೆ.

ಆ ಹೆಸರನ್ನು ಕೇಳಿಕೊಂಡೇ ತಾಯಲೂರಿನ ಆಚೆಯ ಒಂದು ಹಳ್ಳಿಯಿಂದ ಒಬ್ಬ ರೈತ ನಮ್ಮ ಜಗಲಿಗೆ ಬಂದ. ಆ ಹೊತ್ತಿಗೆ ಯುದ್ಧ ಜೋರಾಗಿತ್ತು. ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತಿದ್ದವು, ರೇಷ್ಮೆಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತ್ತು. ಅವನು ಟವೆಲ್ಲನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ.

"ನಮ್ಮ ತಮ್ಮ ಹೋಗಿ ಮೂರು ವರ್ಷ ಆಯ್ತು ಸ್ವಾಮಿ. ಜಮೀನು ಒಂದೇ ಸರ್ವೆ ನಂಬರು. ಪಡುವಣ ಅರ್ಧ ನನ್ನದು, ಮೂಡಣ ಅರ್ಧ ಅವನದು. ಈಗ ಅವನ ಹೆಂಡತಿ ಮಾಡ್ತಾವಳೆ. ನಡುವೆ ಇದ್ದ ಕಲ್ಲು ಕಾಣಿಸ್ತಾ ಇಲ್ಲ."

"ಕಲ್ಲು ಎಲ್ಲಿಗೆ ಹೋಯ್ತು?"

"ಯಾವ ಮಳೇಲಿ ಹೋಯ್ತೋ."

ಕಲ್ಲನ್ನು ಕೊಂಡೊಯ್ಯುವಂಥ ಮಳೆ ತಾಯಲೂರಿನಲ್ಲಿ ಬಿದ್ದದ್ದನ್ನು ನಾನು ಕಂಡಿರಲಿಲ್ಲ. "ನಡುವೆ ಬಾವಿ ಇದೆಯಾ?" ಎಂದು ಕೇಳಿದೆ. ಬರೀ ಒಣ ಭೂಮಿಗಾಗಿ ಯಾರೂ ಅಷ್ಟು ದೂರ ನಡೆದು ಬರುವುದಿಲ್ಲ.

"ಇದೆ. ಅಲ್ಲೇ ಎಲ್ಲೋ ಒಂದಿದೆ" ಎಂದ, ಬಾವಿ ಎಂದರೆ ಜೇಬಿನಿಂದ ಉದುರಿದ ಕಾಸು ಎಂಬಂತೆ.

ನಾವು ಹೋದ ದಿನ ಆ ಬಾವಿಯನ್ನು ನೋಡಿದೆ. ಸತ್ತ ತಮ್ಮ ಕೊನೆಯ ವರ್ಷದಲ್ಲಿ ತೋಡಿದ್ದು. ಅವನು ಅಗೆದ, ಹೆಂಡತಿ ಮಣ್ಣು ಹೊತ್ತಳು. ಆರಡಿ ಬಾಯಿ, ಬಂಡೆ ಸಿಕ್ಕಿ ಒಂದು ಕಡೆ ಸೊಟ್ಟ. ಅದರ ನೀರಿನಲ್ಲಿ ಆಕೆ ಸ್ವಲ್ಪ ಹಿಪ್ಪುನೇರಳೆ ಬೆಳೆದು, ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದಳು. ಮಿಕ್ಕ ಹೊಲದಲ್ಲಿ ರಾಗಿ, ಅದೂ ಮಳೆ ಬಂದರೆ. ಬಾವಿ ಆಕೆಯ ಭಾವನ, ಅಂದರೆ ನಮ್ಮನ್ನು ಕರೆಸಿದ ರೈತನ, ಪಾಲಿಗೆ ಹೋದರೆ ಸೊಪ್ಪು ಹೋಯಿತು, ಸೊಪ್ಪು ಹೋದರೆ ಹುಳು ಹೋಯಿತು, ಆಮೇಲೆ ಆಕೆ ಭಾವನ ಹಟ್ಟಿಯಲ್ಲಿ ಸಗಣಿ ಬಾಚಿಕೊಂಡು ಊಟ ಮಾಡಬೇಕು. ಇದನ್ನು ಯಾರೂ ನನಗೆ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

ಇಡೀ ನಂಬರು ಪಡುವಲಿಂದ ಮೂಡಲಿಗೆ ನಲವತ್ತು ಸರಪಳಿ ಎಂದು ಕಡತದಲ್ಲಿತ್ತು. ಎರಡು ತುದಿಯಲ್ಲೂ ಸರ್ಕಾರಿ ಕಲ್ಲು. ಪಡುವಣ ಕಲ್ಲಿನಿಂದ ಇಪ್ಪತ್ತು ಸರಪಳಿ ಎಳೆದು ಗೂಟ ಹೊಡೆದರೆ ನಡುವಿನ ಗಡಿ ಸಿಗಬೇಕು. ನಾನು ಹಿಂದಿನ ತುದಿ ಹಿಡಿದೆ, ಸಾಬರು ಮುಂದಿನ ತುದಿ. ಇಪ್ಪತ್ತನೆಯ ಸರಪಳಿ ಮುಗಿದಾಗ ಸಾಬರು ನಿಂತದ್ದು ಬಾವಿಯನ್ನು ದಾಟಿ ಎರಡು ಅಡಿ ಮೂಡಲಿಗೆ.

"ಹೊಡೀರಿ ಗೂಟ" ಎಂದ ಭಾವ. ಅವನ ಧ್ವನಿಯಲ್ಲಿ ದುಃಖ ಇರಲಿಲ್ಲ.

ಆಕೆ ಅಷ್ಟು ಹೊತ್ತೂ ಹಿಪ್ಪುನೇರಳೆ ಸೊಪ್ಪಿನ ಮಂಕರಿ ಸೊಂಟದಲ್ಲಿಟ್ಟುಕೊಂಡು ದೂರದಲ್ಲಿ ನಿಂತಿದ್ದಳು. ಗಂಡನ ಅಣ್ಣನ ಎದುರಿಗೆ ಆ ಕಡೆಯ ಹೆಂಗಸರು ನೇರವಾಗಿ ಮಾತಾಡುವುದಿಲ್ಲ. ಅವನ ಜೊತೆಯಲ್ಲಿ ನಿಂತ ದೊಡ್ಡವರ ಹತ್ತಿರವೂ ಆಡುವುದಿಲ್ಲ. ಸೆರಗನ್ನು ಮುಂದಕ್ಕೆ ಎಳೆದುಕೊಂಡು, ಪಕ್ಕದಲ್ಲಿ ಯಾರಿದ್ದಾರೋ ಅವರಿಗೆ ಹೇಳುತ್ತಾರೆ. ಯಾರೂ ಇಲ್ಲದಿದ್ದರೆ ಎಮ್ಮೆಗೆ ಹೇಳುತ್ತಾರೆ. ಕೇಳಬೇಕಾದವರು ಕೇಳಿಸಿಕೊಳ್ಳುತ್ತಾರೆ. ಅವತ್ತು ಎಮ್ಮೆಯ ಸ್ಥಾನ ಸಾಬರದು.

"ಸಾಬಣ್ಣ, ಗೂಟ ಬಾವಿ ದಾಟಿತಾ?"

"ದಾಟಿತಮ್ಮ."

"ಹಂಗಾದ್ರೆ ನಾಳೆ ನನ್ನ ಕಡೆ ಕಲ್ಲಿನಿಂದ ಅಳೀಬೇಕಂತೆ ಅಂತ ಸ್ವಾಮಿಗಳಿಗೆ ಹೇಳು. ಕೂಲಿ ನಾನೇ ಕೊಡ್ತೀನಿ."

ಸಾಬರು ನನ್ನ ಕಡೆ ತಿರುಗಿ, ನಾನು ಕಿವುಡನೆಂಬಂತೆ ಅದನ್ನೇ ಮತ್ತೊಮ್ಮೆ ಹೇಳಿದರು. ನಾನು ಒಪ್ಪಿದೆ. ಆದರೆ ಆಕೆಯ ಮೇಲೆ ನನಗೆ ಅನುಮಾನ ಬಂತು. ಬಾವಿ ಹೋದ ಹೆಂಗಸು ಅಳಬೇಕು, ಮಣ್ಣು ತೂರಬೇಕು. ಇಷ್ಟು ಸಮಾಧಾನ ಯಾಕೆ? ಮೂಡಣ ಕಲ್ಲಿಗೆ ಈಕೆ ಏನಾದರೂ ಮಾಡಿರಬಹುದೆಂದು ಅವತ್ತು ಸಾಯಂಕಾಲವೇ ಹೋಗಿ ನೋಡಿ ಬಂದೆ. ಕಲ್ಲು ಒಂದು ಹುತ್ತದೊಳಗೆ ಅರ್ಧ ಹೂತುಹೋಗಿತ್ತು. ಹುತ್ತಕ್ಕೆ ಅರಿಶಿನ ಕುಂಕುಮ. ಆ ಕಲ್ಲನ್ನು ಅಲ್ಲಾಡಿಸುವ ಧೈರ್ಯ ಆ ಊರಿನಲ್ಲಿ ಯಾರಿಗೂ ಇಲ್ಲ, ನನಗಂತೂ ಇಲ್ಲ.

ಮಾರನೆಯ ಬೆಳಿಗ್ಗೆ ಮೂಡಣ ಕಲ್ಲಿನಿಂದ ಇಪ್ಪತ್ತು ಸರಪಳಿ ಎಳೆದೆವು. ಊರಿನ ಏಳೆಂಟು ಜನ ಬದುವಿನ ಮೇಲೆ ಕೂತು ನೋಡುತ್ತಿದ್ದರು. ಹದಿನೆಂಟು, ಹತ್ತೊಂಬತ್ತು. ಸಾಬರು ನಿನ್ನೆಯ ಗೂಟವನ್ನು ದಾಟಿದರು. ಬಾವಿಯ ಪಕ್ಕದಲ್ಲೇ ನಡೆದು ಅದನ್ನೂ ದಾಟಿಹೋದರು. ಇಪ್ಪತ್ತು ಮುಗಿದಾಗ ಅವರು ಭಾವನ ಹೊಲದೊಳಗೆ ನಿಂತಿದ್ದರು.

ಎರಡು ಗೂಟ, ನಡುವೆ ಇಪ್ಪತ್ತು ಅಡಿ. ನಿನ್ನೆಯ ಗೂಟದ ಪ್ರಕಾರ ಆ ಇಪ್ಪತ್ತು ಅಡಿ ಭಾವನದು, ಇವತ್ತಿನ ಗೂಟದ ಪ್ರಕಾರ ಆಕೆಯದು. ಬಾವಿ ಅದರೊಳಗೇ ಇತ್ತು. ನಲವತ್ತು ಸರಪಳಿ ಎಂದು ಸರ್ಕಾರ ಬರೆದಿಟ್ಟ ಜಮೀನಿನಲ್ಲಿ ಎರಡು ಇಪ್ಪತ್ತು ಸರಪಳಿ ಹಿಡಿಯುತ್ತಿಲ್ಲ.

"ಇದೇಮಿ ಲೆಕ್ಕ" ಎಂದು ಬದುವಿನ ಮೇಲಿಂದ ಒಬ್ಬ ಮುದುಕ ತೆಲುಗಿನಲ್ಲಿ ಗೊಣಗಿದ. ಪಕ್ಕದವನು ಕನ್ನಡದಲ್ಲಿ ನಕ್ಕ.

"ನಿನ್ನೆ ನನ್ನದು, ಇವತ್ತು ಅವಳದು. ನಾಳೆ ಯಾರಾದರೂ ಮೂರನೆಯವನು ಕೂಲಿ ಕೊಟ್ಟರೆ ಅವನದಾ ಸ್ವಾಮಿ?" ಎಂದ ಭಾವ.

ನಾನು ಗಂಭೀರವಾಗಿ ಪಡುವಣ ಕಲ್ಲಿನ ಹತ್ತಿರ ಹೋದೆ. ಅದು ಬೇವಿನ ಬೇರಿನೊಳಗೆ ಸಿಕ್ಕಿ ಮರದ ಹಲ್ಲಿನಂತೆ ಕೂತಿತ್ತು. ಆ ಮರಕ್ಕೆ ನನಗಿಂತ ವಯಸ್ಸು ಹೆಚ್ಚು. ಅದನ್ನು ಯಾರೂ ಸರಿಸಿಲ್ಲ. ಎರಡು ತುದಿಯೂ ಭದ್ರ, ನಡುವಿನ ಭೂಮಿ ಮಾತ್ರ ಇಪ್ಪತ್ತು ಅಡಿ ಕಮ್ಮಿ. ಇನ್ನು ಅನುಮಾನಪಡಲು ಉಳಿದವರು ಒಬ್ಬರೇ. ಸಾಬರನ್ನು ಮರದ ಹಿಂದಕ್ಕೆ ಕರೆದೆ.

"ನಿಜ ಹೇಳಿ ಸಾಬ್ರೆ. ಸರಪಳಿ ಜಗ್ಗಿ ಹಿಡಿದಿರಾ, ಸಡಿಲ ಬಿಟ್ಟಿರಾ? ಯಾರು ಏನು ಕೊಟ್ಟರು?"

"ಲಂಚ ತಿನ್ನೋನು ಒಂದು ಕಡೆ ತಿಂತಾನೆ ಸ್ವಾಮಿ. ಎರಡು ಕಡೇನೂ ತಿನ್ನೋಷ್ಟು ದೊಡ್ಡ ಆಫೀಸರು ನಾನಲ್ಲ" ಎಂದು ಹೇಳಿ, ಸಾಬರು ತಮ್ಮ ಕೈಯಲ್ಲಿದ್ದ ಸರಪಳಿಯ ತುದಿಯನ್ನು ಮೆಲ್ಲಗೆ ನೆಲಕ್ಕೆ ಬಿಟ್ಟರು. ಬಿಸಾಡಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಟೋಪಿ ಸರಿಮಾಡಿಕೊಂಡು ಹೋಗಿ ಬದುವಿನ ಮೇಲೆ ಊರಿನವರ ಜೊತೆ ಕೂತರು.

ಆಗ ಆಕೆ ಬಂದಳು. ಮಂಕರಿ ಕೆಳಗಿಟ್ಟು, ಸೆರಗು ಎಳೆದುಕೊಂಡು, ಬಾವಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಭಾವ ಅಲ್ಲೇ ಇದ್ದಾನೆ, ಅವನ ಜೊತೆ ಮಾತಾಡುವಂತಿಲ್ಲ. ನಾನಿದ್ದೇನೆ, ನನ್ನ ಜೊತೆಯೂ ಆಗದು. ಸಾಬರು ದೂರದಲ್ಲಿ ಮುನಿಸಿಕೊಂಡು ಕೂತಿದ್ದಾರೆ. ಕೈಗೆ ಎಟಕುವಂತೆ ಇದ್ದದ್ದು ನೆಲದ ಮೇಲೆ ಬಿದ್ದಿದ್ದ ಸರಪಳಿಯೊಂದೇ. ಆಕೆ ಅದಕ್ಕೆ ಹೇಳಿದಳು.

"ನೋಡು, ನಮ್ಮ ಭಾವನೋರು ದೊಡ್ಡೋರು, ಅವರು ಸುಳ್ಳು ಹೇಳಲ್ಲ. ಸ್ವಾಮಿಗಳು ಓದಿದೋರು, ಅವರೂ ಹೇಳಲ್ಲ. ಸಾಬಣ್ಣ ನಮಾಜು ಮಾಡೋನು. ಹುತ್ತದ ಕಲ್ಲು ದೇವರು, ಬೇವಿನ ಕಲ್ಲು ಮರದ ಹೊಟ್ಟೇಲಿದೆ. ಭೂಮಿ ಎಲ್ಲಿಗೂ ಹೋಗಲ್ಲ. ಇನ್ನು ಉಳಿದಿರೋಳು ನೀನೊಬ್ಬಳು ಕಣೇ. ನೀನು ಎಷ್ಟುದ್ದ ಇದೀಯಾ, ಮೊದಲು ಹೇಳು."

ಬದುವಿನ ಮೇಲಿದ್ದವರೆಲ್ಲ ಸರಪಳಿಯ ಕಡೆಗೆ ಕತ್ತು ಚಾಚಿದರು.

ನಾನು ಎರಡು ವರ್ಷದಿಂದ ಇಡೀ ಜಿಲ್ಲೆಯನ್ನು ಅನುಮಾನಿಸಿದ್ದೆ. ಪಕ್ಕದ ಮನೆಯವರನ್ನು, ಮಾಲೂರಿನವರನ್ನು, ಕಾಫಿಯನ್ನು, ಕೂಜದ ನೀರನ್ನು. ಆಕೆ ಒಬ್ಬರನ್ನೂ ಅನುಮಾನಿಸಲಿಲ್ಲ. ಅದು ಮರ್ಯಾದೆಯಲ್ಲವೆಂದು ಒಬ್ಬೊಬ್ಬರನ್ನಾಗಿ ಬಿಡುತ್ತ ಬಂದು, ಕೊನೆಗೆ ಯಾವ ಮರ್ಯಾದೆಯೂ ಅಡ್ಡಬರದ ಕಬ್ಬಿಣದ ಮುಂದೆ ನಿಂತಳು.

"ಸರಪಳಿ ಸರಿಯಾಗಿದೆ. ಸರ್ಕಾರದ್ದು" ಎಂದೆ.

ಸಾಬರು ಕೂತಲ್ಲಿಂದಲೇ ಹೇಳಿದರು. "ಸರ್ಕಾರ ಯಾಕೆ ಮಾರಿಬಿಡ್ತು ಸ್ವಾಮಿ ಅದನ್ನ? ವರದಿ ಬರೆದಿದ್ರಂತಲ್ಲ ಯಾರೋ, ಉದ್ದ ಆಗಿದೆ ಅಂತ."

"ಅದು ಸುಮ್ಮನೆ ಬರೆದದ್ದು ಸಾಬ್ರೆ. ನಿಮಗೆ ಆಗಲೇ ಹೇಳಿದ್ದೆನಲ್ಲ" ಎಂದೆ ಮೆಲ್ಲಗೆ.

"ಸುಮ್ಮನೆ ಬರೆದದ್ದು ನಿಜ ಆಗಬಾರದು ಅಂತ ಕಾನೂನಿದೆಯಾ?"

ನನ್ನ ಚೀಲದಲ್ಲಿ ಎರಡು ಅಡಿಯ ಮರದ ಅಳತೆಪಟ್ಟಿ ಇತ್ತು. ಸರಪಳಿಯನ್ನು ಪಕ್ಕದ ಕಣದ ಮೇಲೆ ನೇರವಾಗಿ ಹಾಸಿ, ಮಂಡಿಯೂರಿ, ಪಟ್ಟಿ ಇಟ್ಟು ಇಟ್ಟು ಅಳೆದೆ. ಊರಿನವರು ಸುತ್ತ ನಿಂತು ಬಾಯಲ್ಲಿ ಎಣಿಸಿದರು. ಮೂವತ್ತಮೂರು ಅಡಿ ಮುಗಿದ ಮೇಲೂ ಆರು ಅಂಗುಲ ಸರಪಳಿ ಮಿಕ್ಕಿತ್ತು. ನಾನು ಮೊದಲು ಅಳತೆಪಟ್ಟಿಯ ಮೇಲೆ ಅನುಮಾನಪಟ್ಟೆ.

ಪಟ್ಟಿಯನ್ನು ನಂಬದೆ ಮುಳಬಾಗಿಲಿಗೆ ಬಂದೆ. ಕಚೇರಿಯ ಹಿಂದೆ ಸರಪಳಿಗಳನ್ನು ಪರೀಕ್ಷಿಸಲೆಂದೇ ಮೂವತ್ತಮೂರು ಅಡಿ ಅಂತರದಲ್ಲಿ ನೆಟ್ಟ ಎರಡು ಕಲ್ಲುಗಳಿದ್ದವು. ನಿವೃತ್ತನಾದ ಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ನನ್ನ ಜಾಗಕ್ಕೆ ಬಂದ ಹೊಸಬನಿಗೆ ನನ್ನನ್ನು ಕಂಡರೆ ನಗು ಬರುತ್ತದೆಂದು ನನಗೆ ಮೊದಲಿನಿಂದಲೂ ಸಂಶಯ. ಸಾಬರೂ ಬಂದರು. ಮುನಿಸು ಇಳಿದಿರಲಿಲ್ಲ, ಆದರೆ ಇಂಥದ್ದನ್ನು ನೋಡದೆ ಇರಲು ಮನಸ್ಸಾಗಲಿಲ್ಲವೆಂದು ಆಮೇಲೆ ಹೇಳಿದರು. ಸರಪಳಿಯ ಒಂದು ಹಿಡಿಯನ್ನು ಒಂದು ಕಲ್ಲಿಗೆ ಇಟ್ಟು ಎಳೆದೆವು. ಇನ್ನೊಂದು ಹಿಡಿ ಎರಡನೆಯ ಕಲ್ಲನ್ನು ದಾಟಿ ಒಂದು ಗೇಣಿಗೆ ಸ್ವಲ್ಪ ಕಮ್ಮಿ ಆಚೆಗೆ ಹೋಗಿ ಮಲಗಿತು.

ಹೊಸಬ ಒಳಗೆ ಹೋಗಿ ಹಳೆಯ ಕಡತ ತಂದು ನನ್ನ ವರದಿಯನ್ನು ನನಗೇ ಓದಿಹೇಳಿದ. "ಸವೆದು, ಬಳೆಗಳು ಬಾಯಿ ಬಿಟ್ಟು, ಉದ್ದವಾಗಿಬಿಟ್ಟಿದೆ. ಎಷ್ಟು ನಿಖರವಾಗಿ ಬರೆದಿದ್ದೀರಿ ಸಾರ್" ಎಂದ. ಅವನು ನಗಲಿಲ್ಲ. ನಗದೆ ಇದ್ದದ್ದು ಇನ್ನೂ ಅನುಮಾನಕ್ಕೆ ಎಡೆಮಾಡಿತು.

ಎಳೆದು ಎಳೆದು ಒಂದೊಂದು ಬಳೆ ಒಂದು ಕೂದಲೆಳೆಯಷ್ಟು ಬಾಯಿ ಬಿಟ್ಟರೂ ಇಷ್ಟಾಗುತ್ತದೆ. ಉದ್ದ ಸರಪಳಿಯಲ್ಲಿ ಅಳೆದರೆ ಎಲ್ಲ ಜಮೀನೂ ಕಮ್ಮಿಯೇ ಬರುತ್ತದೆ. ಇಪ್ಪತ್ತಕ್ಕೆ ಐದಾಣೆ ಕದ್ದದ್ದು ಮಾಲೂರಿನ ಕಳ್ಳನೂ ಅಲ್ಲ, ಶ್ರೀನಿವಾಸಪುರದ ಕಳ್ಳನೂ ಅಲ್ಲ. ಕಳ್ಳನನ್ನು ನಾನೇ ಹೆಗಲ ಮೇಲೆ ಹೊತ್ತುಕೊಂಡು ಊರೂರು ತಿರುಗಿದ್ದೆ.

ಹೊಸಬ ಒಳ್ಳೆಯ ಸರಪಳಿಯನ್ನು ತಾನೇ ತರುತ್ತೇನೆ, ಒಂದು ವಾರ ತಡೆಯಿರಿ ಎಂದ. ಆ ವಾರದಲ್ಲಿ ನಾನು ಅಳೆದುಕೊಟ್ಟಿದ್ದ ಊರುಗಳಿಗೆಲ್ಲ ಕಾರ್ಡು ಬರೆದೆ, ಅಳತೆಯಲ್ಲಿ ತಪ್ಪಾಗಿದೆ, ಕೂಲಿಯಿಲ್ಲದೆ ಮತ್ತೆ ಅಳೆದುಕೊಡುತ್ತೇನೆ ಎಂದು. ಕಳೆದುಕೊಂಡವರು ತಕ್ಷಣ ಬರಹೇಳಿದರು. ಗಳಿಸಿಕೊಂಡವರು ಉತ್ತರ ಬರೆಯಲಿಲ್ಲ. ಟೇಕಲ್ ಕಡೆಯವನು ಮಾತ್ರ, ಹಳೆಯ ಸರಪಳಿಯೇ ಸರಿಯಾಗಿತ್ತು, ತಾವು ವಯಸ್ಸಾದವರು, ಸುಮ್ಮನೆ ರೈಲು ಹತ್ತಿ ಶ್ರಮಪಡಬೇಡಿ ಎಂದು ಬಹಳ ವಿನಯದಿಂದ ಬರೆದ. ಅದಕ್ಕೇ ನಾನು ಅಲ್ಲಿಗೆ ಎಲ್ಲಕ್ಕಿಂತ ಮೊದಲು ಹೋದೆ.

ಹಿತ್ತಲನ್ನು ಅಳತೆಪಟ್ಟಿಯಲ್ಲಿ ಮತ್ತೆ ಅಳೆದೆ. ಸರಿಯಾಗಿತ್ತು. ಪಕ್ಕದ ಮನೆಗೆ ಹೋಗಿ ಹೇಳಿದೆ. ಅವರು, "ಹೌದಾ" ಎಂದರು, ಅಷ್ಟೇ.

"ನುಗ್ಗೇಕಾಯಿ ಮಾತೇನಾದ್ರೂ ಎತ್ತಿದ್ರಾ?" ಎಂದು ಕೇಳಿದಳು ನನ್ನ ಹೆಂಡತಿ.

"ಇಲ್ಲ."

"ನೀವೂ ಎತ್ತಲಿಲ್ವಾ?"

"ನಾನು ಹೇಗೇ ಎತ್ತಲಿ?"

ಸಾಬರ ಹತ್ತಿರ ತಪ್ಪಾಯಿತೆಂದು ಹೇಳಲು ಎರಡು ದಿನ ಬೇಕಾಯಿತು. ಮೂರನೆಯ ದಿನ ಅವರ ಬಾಗಿಲಿಗೆ ಹೋಗಿ, ಇನ್ನು ಮುಂದೆ ಕೂಲಿಯಲ್ಲಿ ಇಬ್ಬರಿಗೂ ಸಮಪಾಲು ಎಂದೆ. ಅವರು ಗಡ್ಡ ಕೆರೆದುಕೊಂಡು, "ಇನ್ನು ಮುಂದೆ ನಮ್ಮನ್ನು ಯಾರು ಕರೀತಾರೆ ಸ್ವಾಮಿ?" ಎಂದು ಕೇಳಿದರು. ಆಮೇಲೆ ಒಳಗಿನಿಂದ ಚಹಾ ತರಿಸಿದರು. ಅದನ್ನು ಕುಡಿದೆ.

ವಾರ ಕಳೆದು ಹೊಸಬ ಬಂದ. ಪಡುವಣ ಕಲ್ಲಿನಿಂದ ಇಪ್ಪತ್ತು ಸರಪಳಿ ಎಳೆದ, ಮೂಡಣ ಕಲ್ಲಿನಿಂದ ಇಪ್ಪತ್ತು ಎಳೆದ, ಎರಡು ಗೂಟಗಳೂ ಒಂದರ ಪಕ್ಕ ಒಂದು ಬಿದ್ದವು. ಅಲ್ಲಿ ಅಗೆದಾಗ ಮೊಣಕಾಲಾಳದಲ್ಲಿ ಹಳೆಯ ಕಲ್ಲು ಸಿಕ್ಕಿತು, ಮಲಗಿಸಿ ಮಣ್ಣು ಮುಚ್ಚಿದ ಹಾಗೆ. ಮಳೆ ಹೀಗೆ ಮಲಗಿಸುತ್ತದೆಯೇ ಎಂದು ಭಾವನನ್ನು ಕೇಳಬೇಕೆಂದಿದ್ದೆ. ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವನೂ ಸರಪಳಿಯ ಮಾತೆತ್ತಲಿಲ್ಲ. ಆಕೆ ಸೊಪ್ಪು ಬಿಡಿಸುತ್ತ, ಇವತ್ತು ಎಲ್ಲರಿಗೂ ನಮ್ಮ ಮನೇಲೇ ಊಟವಂತೆ ಎಂದು ಸಾಬರಿಗೆ ಹೇಳಿದಳು. ಭಾವನಿಗೂ ಕೇಳಿಸಿತು. ಅವನೂ ಬಂದು ಉಂಡ.

ಕೂಲಿ ವಾಪಸು ಕೊಡಲು ಹೋದೆ. ಆಕೆ ಅದನ್ನು ತೆಗೆದುಕೊಂಡಳು, ಬೇಡವೆನ್ನಲಿಲ್ಲ.

ಆ ವರ್ಷದಿಂದ ನಾನು ಅಳತೆಯ ಕೆಲಸ ಬಿಟ್ಟೆ. ಸರಪಳಿಯನ್ನು ಅದೇ ಹಳೇ ಕಬ್ಬಿಣದ ವ್ಯಾಪಾರಿಗೆ ಮಾರಿದೆ. ಅವನು ಅದನ್ನು ಕೊಂಡದ್ದು ತೂಕಕ್ಕೆ. ತಾಯಲೂರಿನ ಆಚೆಯ ಆ ಹೊಲದಲ್ಲಿ ನಡುವಿನ ಕಲ್ಲನ್ನು ಹಳೆಯ ಗುಂಡಿಯಲ್ಲೇ ಎತ್ತಿ ನಿಲ್ಲಿಸಿದರು. ಬಾವಿ ಆ ಕಲ್ಲಿನಿಂದ ಮೂಡಲಿಗೆ ಎರಡು ಅಡಿ ದೂರದಲ್ಲಿದೆ.